200 ಕೆಜಿ ಸುಣ್ಣದ ಕಲ್ಲು ಸುಟ್ಟರೆ ಎಷ್ಟು ಕೆಜಿ ಸುಣ್ಣ? ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಿದ್ದಾರೆ

ಲೋಕಾಪುರ_ಪಿಯು:

ಎಲ್ಲರಿಗೂ ನಮಸ್ಕಾರ. ನಾನು ಫಸ್ಟ್ ಪಿಯು ಸೈನ್ಸ್. ಊರು ಲೋಕಾಪುರದ ಹತ್ತಿರ. ಕೆಮಿಸ್ಟ್ರಿಯ ಮೊದಲನೇ ಪಾಠದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಲೆಕ್ಕ ಹೀಗಿದೆ. 95% ಶುದ್ಧವಾದ 200 ಕೆಜಿ ಸುಣ್ಣದ ಕಲ್ಲನ್ನು ಪೂರ್ತಿ ಸುಟ್ಟರೆ ಎಷ್ಟು ಸುಟ್ಟ ಸುಣ್ಣ ಸಿಗುತ್ತದೆ? ನನ್ನ ಬೆಂಚಿನ ಗೆಳೆಯ 112 ಅಂದ. ಗೈಡಿನ ಹಿಂದೆ 106.4 ಅಂತ ಇದೆ. ಮನೆಗೆ ಬಂದು ದೊಡ್ಡಪ್ಪನನ್ನು ಕೇಳಿದೆ, ಅವರು ಸುಣ್ಣದ ಭಟ್ಟಿಯಲ್ಲಿ ಭಾಳ ವರ್ಷ ದುಡಿದವರು. ಅವರು ಪೆನ್ನೂ ಹಿಡಿಯಲಿಲ್ಲ. "ಎರಡು ಕ್ವಿಂಟಾಲಿಗೆ 120ರ ಹತ್ತಿರ ಉಳಿಯುತ್ತದೆ ನೋಡಪಾ" ಅಂದುಬಿಟ್ಟರು. ಕಲ್ಲಿನಲ್ಲಿ ಕಸ ಇದ್ದರೆ ಸುಣ್ಣ ಕಡಿಮೆ ಆಗಬೇಕು ಅಲ್ವಾ? ಇವರ ಲೆಕ್ಕದಲ್ಲಿ ಜಾಸ್ತಿ ಹೇಗೆ ಆಯಿತು?

ಇನ್ನೊಂದು. ಈ ಮೋಲ್ ಅನ್ನೋದು ಯಾಕೆ ಬೇಕು? ಗ್ರಾಂ ಕೊಟ್ಟಿದ್ದಾರೆ, ಗ್ರಾಂ ಕೇಳಿದ್ದಾರೆ. ನಡುವೆ ಮೋಲ್‌ಗೆ ಹೋಗಿ ಮತ್ತೆ ವಾಪಸ್ ಬರೋದು ಸುಮ್ನೆ ಸುತ್ತುದಾರಿ ಅನ್ನಿಸುತ್ತದೆ. ಕ್ಲಾಸಿನಲ್ಲಿ ಕೇಳಿದರೆ "ಮೊದಲು ಸ್ಟೆಪ್ ಬರೆ, ಅರ್ಥ ಆಮೇಲೆ ಆಗುತ್ತದೆ" ಅಂದರು. ಇನ್ನೂ ಆಗಿಲ್ಲ.

ಗೋಕಾಕ_ಮಾಸ್ತರ:

ತಮ್ಮಾ, ಎರಡನೇ ಪ್ರಶ್ನೆ ಮೊದಲು ಹಿಡಿಯೋಣ, ಅದು ಬಿಡಿಸಿದರೆ ಮೊದಲನೇದು ಅರ್ಧ ಮುಗಿದ ಹಾಗೆ. ಮೊಬೈಲಿನಲ್ಲಿ ಸೂತ್ರ ಟೈಪ್ ಮಾಡೋದು ತಲೆನೋವು, ಹೆಸರಲ್ಲೇ ಬರೆಯುತ್ತೇನೆ.

ಸಮೀಕರಣ ತೂಕದ ಮಾತು ಆಡೋದಿಲ್ಲ, ಎಣಿಕೆಯ ಮಾತು ಆಡುತ್ತದೆ. ಇದೊಂದು ತಲೆಗೆ ಹೋದರೆ ಸಾಕು. ಎರಡು ಹೈಡ್ರೋಜನ್ ಅಣುವಿಗೆ ಒಂದು ಆಕ್ಸಿಜನ್ ಅಣು ಸೇರಿ ಎರಡು ನೀರಿನ ಅಣು ಆಗುತ್ತದೆ ಅಂತ ಹೇಳುತ್ತದೆಯೇ ಹೊರತು ಎಷ್ಟು ಗ್ರಾಂ ಅಂತ ಎಲ್ಲೂ ಹೇಳೋದಿಲ್ಲ. ಆದರೆ ಲ್ಯಾಬಿನಲ್ಲಿ ನಿನ್ನ ಕೈಯಲ್ಲಿ ಇರೋದು ತಕ್ಕಡಿ. ಅಣು ಎಣಿಸೋಕೆ ಆಗೋದಿಲ್ಲ, ತೂಗೋಕೆ ಮಾತ್ರ ಆಗುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟು, ನಟ್ಟು ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ, ನೋಡಿರಬೇಕು. ಒಂದು ಬೋಲ್ಟಿಗೆ ಒಂದೇ ನಟ್ಟು. ಹಾಗಂತ ಒಂದು ಕೆಜಿ ಬೋಲ್ಟಿಗೆ ಒಂದು ಕೆಜಿ ನಟ್ಟು ತಂದರೆ ನಟ್ಟು ರಾಶಿ ಉಳಿದುಬಿಡುತ್ತದೆ, ಯಾಕೆಂದರೆ ಒಂದೊಂದು ನಟ್ಟು ಹಗುರ. ಅಂಗಡಿಯವನು ಒಂದು ಬೋಲ್ಟಿನ ತೂಕ, ಒಂದು ನಟ್ಟಿನ ತೂಕ ತಿಳಿದುಕೊಂಡು ಭಾಗಿಸುತ್ತಾನೆ. ನೀನು ಮಾಡಬೇಕಾದದ್ದೂ ಅಷ್ಟೇ. ಕೊಟ್ಟ ಗ್ರಾಂ ಅನ್ನು ಮೋಲಾರ್ ರಾಶಿಯಿಂದ, ಅಂದರೆ ಒಂದು ಮೋಲ್‌ನ ಗ್ರಾಂ ತೂಕದಿಂದ, ಭಾಗಿಸಿದರೆ ಮೋಲ್, ಅಂದರೆ ಎಣಿಕೆ. ಎಣಿಕೆಗೆ ಸಮೀಕರಣದ ಅನುಪಾತ ಹಾಕು. ಬಂದ ಎಣಿಕೆಯನ್ನು ಉತ್ಪನ್ನದ ಮೋಲಾರ್ ರಾಶಿಯಿಂದ ಗುಣಿಸು. ಮತ್ತೆ ಗ್ರಾಂಗೆ ಬಂದೆ. ಒಂದು ಮೋಲ್ ಅಂದರೆ 6.022 × 10ರ ಘಾತ 23 ಕಣಗಳು, ಅದನ್ನು ಈ ಲೆಕ್ಕಗಳಲ್ಲಿ ಎಲ್ಲಿಯೂ ಗುಣಿಸಬೇಕಾಗಿಲ್ಲ, ಅದು ಹಿಂದೆ ಸುಮ್ಮನೆ ಕೂತಿರುತ್ತದೆ.

ಈಗ ಸುಣ್ಣ. ಒಂದು ಮೋಲ್‌ನ ಗ್ರಾಂ ತೂಕ ಹೀಗೆ: ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48. ಒಟ್ಟು ಕ್ಯಾಲ್ಸಿಯಂ ಕಾರ್ಬೊನೇಟ್ 100. ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, 56, ಕಾರ್ಬನ್ ಡೈಆಕ್ಸೈಡ್ 44. ಕಲ್ಲು 200 ಕೆಜಿ, ಅದರಲ್ಲಿ 95% ಮಾತ್ರ ನಿಜವಾದ ಕಾರ್ಬೊನೇಟ್, ಅಂದರೆ 190 ಕೆಜಿ. 1,90,000 ಗ್ರಾಂ ಭಾಗಿಸು 100, 1900 ಮೋಲ್. ಒಂದಕ್ಕೆ ಒಂದು. ಹಾಗಾಗಿ ಆಕ್ಸೈಡ್ ಕೂಡ 1900 ಮೋಲ್. ಗುಣಿಸು 56. 1,06,400 ಗ್ರಾಂ. 106.4 ಕೆಜಿ. ಗೈಡ್ ಸರಿ. ನಿನ್ನ ಗೆಳೆಯ 95% ಮರೆತಿದ್ದಾನೆ.

ಸುತ್ತುದಾರಿ ಅಂದೆಯಲ್ಲ, ಇಲ್ಲಿ ಒಂದಕ್ಕೆ ಒಂದು ಇರೋದರಿಂದ ಹಾಗೆ ಅನ್ನಿಸುತ್ತದೆ. ಅನುಪಾತ ಬದಲಾದ ದಿನ ಆ ದಾರಿಯೇ ನಿನ್ನನ್ನು ಉಳಿಸುತ್ತದೆ.

ಶಾರ್ಟ್‌ಕಟ್_ಗುರು:

ಇಷ್ಟೆಲ್ಲಾ ಯಾಕ್ರೀ ಮಾಸ್ತರ. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಸಿಗೋ ಸಮಯವೇ ಕಡಿಮೆ. ಸಮೀಕರಣದ ಮುಂದಿನ ಅಂಕಿ ನೋಡಿ ನೇರ ಹಾಕೋದು. 2 ಹೈಡ್ರೋಜನ್, 1 ಆಕ್ಸಿಜನ್, 2 ನೀರು. ಅಂದರೆ 2 ಗ್ರಾಂಗೆ 1 ಗ್ರಾಂ, 2 ಗ್ರಾಂ ನೀರು. ಮುಗೀತು.

ವಿಜಯಪುರ_ಬಿಎಸ್ಸಿ:

ಶಾರ್ಟ್‌ಕಟ್ ಅವರೇ, 2 ಗ್ರಾಂ ಮತ್ತು 1 ಗ್ರಾಂ ಸೇರಿಸಿದರೆ 3 ಗ್ರಾಂ. ನಿಮ್ಮ ಬಟ್ಟಲಿನಲ್ಲಿ 2 ಗ್ರಾಂ ನೀರು ಇದೆ. ಇನ್ನೊಂದು ಗ್ರಾಂ ಎಲ್ಲಿ ಹೋಯಿತು? ಫ್ರಾನ್ಸಿನ ವಿಜ್ಞಾನಿ ಲವಾಸಿಯೇ 1789ರಲ್ಲೇ ಪುಸ್ತಕ ಬರೆದು ಹೇಳಿದ್ದಾನೆ, ಕ್ರಿಯೆಗೆ ಮುಂಚೆ ಇದ್ದ ರಾಶಿ ಕ್ರಿಯೆ ಆದ ಮೇಲೂ ಇರುತ್ತದೆ ಅಂತ.

ಸರಿಯಾಗಿ ಹಾಕಿದರೆ ಹೈಡ್ರೋಜನ್ 2 ಮೋಲ್ ಅಂದರೆ 4 ಗ್ರಾಂ, ಆಕ್ಸಿಜನ್ 1 ಮೋಲ್ ಅಂದರೆ 32 ಗ್ರಾಂ, ನೀರು 2 ಮೋಲ್ ಅಂದರೆ 36 ಗ್ರಾಂ. ಕೂಡಿಸಿ ನೋಡಿ, ಸರಿ ಹೋಗುತ್ತದೆ. ಇದನ್ನೇ 1, 8, 9 ಅಂತ ನೆನಪಿಟ್ಟುಕೊಂಡರೆ ನಿಮಗೆ ಬೇಕಾದ ಶಾರ್ಟ್‌ಕಟ್ಟೂ ಸಿಕ್ಕಿತು. 2 ಗ್ರಾಂ ಹೈಡ್ರೋಜನ್‌ಗೆ 16 ಗ್ರಾಂ ಆಕ್ಸಿಜನ್ ಬೇಕು, 18 ಗ್ರಾಂ ನೀರು ಬರುತ್ತದೆ. ಅನುಪಾತ ನೇರ ಹಾಕೋದು ತಪ್ಪಲ್ಲ, ಆದರೆ ಯಾವ ಅನುಪಾತ ಅನ್ನೋದು ಮುಖ್ಯ. ಮುಂದಿನ ಅಂಕಿಯನ್ನು ಮೋಲಾರ್ ರಾಶಿಯಿಂದ ಗುಣಿಸಿದ ಮೇಲೆ ಬರುವ ಅನುಪಾತ ಗ್ರಾಂನದ್ದು. ಅದಕ್ಕೆ ಮುಂಚೆ ಇರೋದು ಎಣಿಕೆಯದ್ದು.

ಶಾರ್ಟ್‌ಕಟ್_ಗುರು:

ಓಕೆ ಮೇಡಂ, ಗುಣಿಸೋಕೆ ಹತ್ತು ಸೆಕೆಂಡ್ ಜಾಸ್ತಿ ಹಿಡಿಯಿತು ಅಷ್ಟೇ 😄

ಅಥಣಿ_ಲ್ಯಾಬ್_ಕೆಮಿಸ್ಟ್:

ದೊಡ್ಡಪ್ಪನ 120ಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಇರೋನು, ಸುಣ್ಣದ ಜೊತೆ ದಿನಾ ಒಡನಾಟ. ಹಾಗಾಗಿ ಸ್ವಲ್ಪ ಉದ್ದ ಆದರೂ ಬರೆಯುತ್ತೇನೆ.

ತಮ್ಮಾ, ನಿನ್ನ ದೊಡ್ಡಪ್ಪ ಹೇಳಿದ್ದು ಬೇರೆ ಪ್ರಶ್ನೆಯ ಉತ್ತರ. ಗೈಡ್ ಕೇಳಿದ್ದು ಕ್ಯಾಲ್ಸಿಯಂ ಆಕ್ಸೈಡ್ ಎಷ್ಟು ಅಂತ. ಅವರು ಹೇಳಿದ್ದು ಭಟ್ಟಿಯಿಂದ ಹೊರಗೆ ತೆಗೆದ ಮಾಲು ತಕ್ಕಡಿಯಲ್ಲಿ ಎಷ್ಟು ತೂಗುತ್ತದೆ ಅಂತ. ಕಲ್ಲಿನಲ್ಲಿದ್ದ 5% ಕಸ, ಅಂದರೆ 10 ಕೆಜಿ, ಸಾಮಾನ್ಯವಾಗಿ ಮಣ್ಣು, ಮರಳಿನ ಜಾತಿಯದ್ದು. ಅದು ಭಟ್ಟಿಯ ಬಿಸಿಗೆ ಗಾಳಿಯಲ್ಲಿ ಹಾರಿಹೋಗೋದಿಲ್ಲ. ಹಾರಿಹೋಗೋದು ಕಾರ್ಬನ್ ಡೈಆಕ್ಸೈಡ್ ಮಾತ್ರ, 190 ಕೆಜಿಗೆ 83.6 ಕೆಜಿ. 200ರಲ್ಲಿ 83.6 ಕಳೆದರೆ 116.4. ಅದರಲ್ಲಿ ಸುಣ್ಣ 106.4, ಕಸ 10. ಅಂದರೆ ಕಸ ಜಾಸ್ತಿ ಇದ್ದಷ್ಟೂ ಉಳಿಯುವ ತೂಕ ಜಾಸ್ತಿ, ಸುಣ್ಣ ಮಾತ್ರ ಕಡಿಮೆ. ಪರೀಕ್ಷೆಯಲ್ಲಿ ಪ್ರಶ್ನೆ "ಉಳಿದ ಘನ ವಸ್ತು ಎಷ್ಟು" ಅಂತ ಇದ್ದರೆ 116.4 ಬರೆಯಬೇಕು, "ಸುಟ್ಟ ಸುಣ್ಣ ಎಷ್ಟು" ಅಂತ ಇದ್ದರೆ 106.4. ಈ ವ್ಯತ್ಯಾಸದ ಮೇಲೆಯೇ ಕಣ್ಣು ಕಟ್ಟುವ ಪ್ರಶ್ನೆ ಮಾಡುತ್ತಾರೆ.

ಇನ್ನು 116.4ರಿಂದ 120ಕ್ಕೆ. ಕಲ್ಲು ಸುಡೋಕೆ ಸುಮಾರು 900 ಡಿಗ್ರಿ ಬೇಕು. ದೊಡ್ಡ ಕಲ್ಲಿನ ಹೊರಗೆ ಸುಟ್ಟು ಒಳಗಿನ ತಿರುಳು ಹಸಿಯಾಗೇ ಉಳಿಯೋದು ಮಾಮೂಲು. 5 ಕೆಜಿ ಕಾರ್ಬೊನೇಟ್ ಹಾಗೇ ಉಳಿಯಿತು ಅಂದುಕೋ, ಅದರಿಂದ ಹೋಗಬೇಕಿದ್ದ 2.2 ಕೆಜಿ ಗಾಳಿ ಹೋಗಲಿಲ್ಲ. ಆಗಲೇ 118.6 ಆಯಿತು. ಕಲ್ಲಿದ್ದಲ ಜೊತೆ ಬೆರೆಸಿ ಸುಟ್ಟಿದ್ದರೆ ಅದರ ಬೂದಿ ಸ್ವಲ್ಪ ಸೇರುತ್ತದೆ. ತೆರೆದಿಟ್ಟರೆ ಸುಣ್ಣ ಗಾಳಿಯ ತೇವ ಎಳೆದುಕೊಂಡು ಇನ್ನೂ ಭಾರ ಆಗುತ್ತದೆ. ಹಾಗಾಗಿ 120ರ ಹತ್ತಿರ ಅಂದರೆ ನಂಬಬಹುದು.

ತಿರುಳು ಹಸಿ ಉಳಿದಿದೆಯಾ ಅಂತ ದೊಡ್ಡಪ್ಪನೇ ತೋರಿಸುತ್ತಾರೆ ಕೇಳು. ಸುಟ್ಟ ಕಲ್ಲಿನ ಮೇಲೆ ನೀರು ಹಾಕಿದರೆ ಚುಂಯ್ ಅಂತ ಹಬೆ ಬಂದು, ಬಿರುಕು ಬಿಟ್ಟು, ಅರಳಿ ಪುಡಿ ಆಗುತ್ತದೆ. ಕೈ ಹತ್ತಿರ ಒಯ್ಯಬೇಡ, ಕಣ್ಣಿಗೆ ಸಿಡಿದರೆ ಕಷ್ಟ. ಪುಡಿ ನಡುವೆ ಗಟ್ಟಿ ಗುಂಡು ಉಳಿದರೆ ಅದೇ ಸುಡದ ತಿರುಳು. ಇದಕ್ಕೂ ಲೆಕ್ಕ ಇದೆ: 56 ಸುಟ್ಟ ಸುಣ್ಣ, 18 ನೀರು, 74 ಅರಳಿದ ಸುಣ್ಣ. ನಿನ್ನ 106.4 ಕೆಜಿ ಪೂರ್ತಿ ಅರಳಿದರೆ 140.6 ಕೆಜಿ ಆಗುತ್ತದೆ. ನೀರು 34.2 ಕೆಜಿ ಒಳಗೆ ಹೋಯಿತು. ಹಬೆಯಾಗಿ ಹೋಗುವ ನೀರು ಬೇರೆ, ಅದಕ್ಕೇ ನಿಜವಾಗಿ ಇದಕ್ಕಿಂತ ಜಾಸ್ತಿ ನೀರು ಹಾಕಬೇಕಾಗುತ್ತದೆ.

ಇನ್ನೊಂದು ಮಾತು. ಕಲಾದಗಿ, ಲೋಕಾಪುರದ ಕಡೆ ಸುಣ್ಣದ ಕಲ್ಲಿನ ಜೊತೆ ಡೋಲೊಮೈಟ್ ಕೂಡ ಸಿಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇವೆ, ಮೋಲಾರ್ ರಾಶಿ 184. ಸುಟ್ಟರೆ 88 ಗಾಳಿಗೆ, 96 ಉಳಿಯುತ್ತದೆ. 200 ಕೆಜಿ ಶುದ್ಧ ಡೋಲೊಮೈಟ್ ಸುಟ್ಟರೆ ಉಳಿಯೋದು 104.3 ಕೆಜಿ, ಅದೂ ಎರಡು ಆಕ್ಸೈಡ್ ಸೇರಿ. ಹಾಗಾಗಿ ಎಲ್ಲಾ ಕಲಬೆರಕೆಯೂ ಉಳಿಯುವ ತೂಕ ಜಾಸ್ತಿ ಮಾಡುತ್ತದೆ ಅಂತಲೂ ಅಲ್ಲ. ಮರಳು ಜಾಸ್ತಿ ಮಾಡುತ್ತದೆ, ಡೋಲೊಮೈಟ್ ಕಡಿಮೆ ಮಾಡುತ್ತದೆ. ತೂಕ ನೋಡಿ ಮಾತ್ರ ಗುಣ ಹೇಳೋಕೆ ಆಗೋದಿಲ್ಲ. ಅದಕ್ಕೇ ನಾವು ಲೋಡ್ ಬಂದಾಗ ಸ್ಯಾಂಪಲ್ ತೆಗೆದು ಅರಳಿಸಿ, ಸಕ್ಕರೆ ನೀರಿನಲ್ಲಿ ಕಲಸಿ, ಫಿನಾಲ್ಫ್ತಲೀನ್ (ಕ್ಷಾರ ಇದ್ದರೆ ಗುಲಾಬಿ ಆಗುವ ಸೂಚಕ) ಹಾಕಿ, ಗುಲಾಬಿ ಬಣ್ಣ ಹೋಗೋವರೆಗೆ ಆಸಿಡ್ ಬಿಡುತ್ತೇವೆ. ಬರೀ ನೀರಿನಲ್ಲಿ ಸುಣ್ಣ ಸರಿಯಾಗಿ ಕರಗೋದಿಲ್ಲ, ಸಕ್ಕರೆ ಇದ್ದರೆ ಕರಗುತ್ತದೆ. ಎಷ್ಟು ಆಸಿಡ್ ಹೋಯಿತು ಅನ್ನೋದರಿಂದ ನಿಜವಾದ ಸುಣ್ಣ ಎಷ್ಟು ಅಂತ ಲೆಕ್ಕ. ಅದೂ ಇದೇ ಮೋಲ್ ಲೆಕ್ಕ, ಹಿಂದಿನಿಂದ ಮುಂದಕ್ಕೆ ಅಷ್ಟೇ.

ಲೋಕಾಪುರ_ಪಿಯು:

ಸರ್, ಭಾಳ ಥ್ಯಾಂಕ್ಸ್. ದೊಡ್ಡಪ್ಪನಿಗೆ ಓದಿ ಹೇಳಿದೆ, "ಮತ್ತ ನಾ ಏನ ಹೇಳಿದ್ದೆ" ಅಂದರು. ಕಾರ್ಖಾನೆಯಲ್ಲಿ ಸುಣ್ಣ ಯಾಕೆ ಬೇಕು ಸರ್? ಅಲ್ಲಿಯೂ ಹೀಗೆ ಲೆಕ್ಕ ಹಾಕುತ್ತೀರಾ, ಇಲ್ಲಾ ಅಂದಾಜಾ?

ಅಥಣಿ_ಲ್ಯಾಬ್_ಕೆಮಿಸ್ಟ್:

ಕಬ್ಬಿನ ರಸದ ಕಸ ಕೆಳಗೆ ಕೂರಿಸೋಕೆ ಸುಣ್ಣದ ಹಾಲು ಬಿಡುತ್ತೇವೆ. ಬಿಳಿ ಸಕ್ಕರೆ ಮಾಡುವ ಕಡೆ ಗಂಧಕ ಸುಟ್ಟು ಆ ಹೊಗೆಯನ್ನೂ ರಸದಲ್ಲಿ ಹಾಯಿಸುತ್ತಾರೆ. ಗಂಧಕದ ಲೆಕ್ಕ ಎಲ್ಲಕ್ಕಿಂತ ಸುಲಭ: ಗಂಧಕ 32, ಆಕ್ಸಿಜನ್ 32, ಸಲ್ಫರ್ ಡೈಆಕ್ಸೈಡ್ 64. ಒಂದು ಕೆಜಿ ಸುಟ್ಟರೆ ಎರಡು ಕೆಜಿ ಅನಿಲ. ಆಕ್ಸಿಜನ್ ಗಾಳಿಯಿಂದ ಬರುತ್ತದೆ, ಅದಕ್ಕೆ ಬರ ಇಲ್ಲ. ಆದರೂ ಎಷ್ಟು ಬಿಡಬೇಕು ಅನ್ನೋದನ್ನು ಕೊನೆಗೆ ನಿರ್ಧಾರ ಮಾಡೋದು ಪಿಎಚ್ (ರಸ ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ) ನೋಡಿ. ಲೆಕ್ಕ ಸ್ಟಾಕ್ ತರಿಸೋಕೆ, ಪಿಎಚ್ ಪಂಪ್ ತಿರುಗಿಸೋಕೆ.

ಲೆಕ್ಕಕ್ಕೂ ನಿಜಕ್ಕೂ ಅಂತರ ನೋಡಬೇಕಾದರೆ ಡಿಸ್ಟಿಲರಿಗೆ ಬಾ. ಕಾಕಂಬಿಯ ಸಕ್ಕರೆ ಅಂಶವನ್ನು ಯೀಸ್ಟ್ ತಿಂದು ಎಥನಾಲ್ ಮಾಡುತ್ತದೆ. ಗ್ಲೂಕೋಸ್ 180, ಅದರಿಂದ ಎಥನಾಲ್ 92, ಕಾರ್ಬನ್ ಡೈಆಕ್ಸೈಡ್ 88. ಅಂದರೆ 100 ಕೆಜಿ ಗ್ಲೂಕೋಸ್‌ಗೆ 51.1 ಕೆಜಿ ಎಥನಾಲ್, ಲೀಟರಿನಲ್ಲಿ 64.8. ಇದು ಕಾಗದದ ಮೇಲೆ. ಯೀಸ್ಟ್ ತಾನೂ ಬೆಳೆಯಬೇಕು, ಅದಕ್ಕೆ ಒಂದಿಷ್ಟು ಸಕ್ಕರೆ ಹೋಗುತ್ತದೆ, ಒಂದಿಷ್ಟು ಗ್ಲಿಸರಾಲ್ ಆಗುತ್ತದೆ. 90% ಬಂದರೆ 46 ಕೆಜಿ. ನಿಮ್ಮ ಪುಸ್ತಕದಲ್ಲಿ ಶೇಕಡಾ ಇಳುವರಿ ಅಂತ ಇದೆಯಲ್ಲ, ಅದೇ ಇದು. ಸಿಕ್ಕಿದ್ದನ್ನು ಲೆಕ್ಕದಿಂದ ಭಾಗಿಸಿ ನೂರರಿಂದ ಗುಣಿಸೋದು.

ಇಲ್ಲಿ ಹುಡುಗರು ಶುದ್ಧತೆ ಮತ್ತು ಇಳುವರಿ ಎರಡನ್ನೂ ಕಲಸಿಬಿಡುತ್ತಾರೆ. ಶುದ್ಧತೆ ಒಳಗೆ ಹಾಕುವ ಮಾಲಿನದ್ದು, ಮೊದಲೇ ಗುಣಿಸಬೇಕು. ಇಳುವರಿ ಹೊರಗೆ ಬರುವ ಮಾಲಿನದ್ದು, ಕೊನೆಗೆ ಗುಣಿಸಬೇಕು.

ಲೋಕಾಪುರ_ಪಿಯು:

ಕೊನೇದಾಗಿ ಒಂದು. ಎರಡೂ ರಿಯಾಕ್ಟಂಟ್‌ಗಳ (ಕ್ರಿಯೆಗೆ ಹಾಕುವ ವಸ್ತುಗಳ) ತೂಕ ಕೊಟ್ಟರೆ ಯಾವುದನ್ನು ಹಿಡಿಯಬೇಕು? 25 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ 14.6 ಗ್ರಾಂ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಅಂತ ಕೇಳಿದ್ದಾರೆ. ತೂಕ ಕಡಿಮೆ ಇರೋದು ಆಸಿಡ್, ಅದೇ ಲಿಮಿಟಿಂಗ್, ಅಂದರೆ ಮೊದಲು ಖಾಲಿ ಆಗೋದು, ಅಂತ ಹಿಡಿಯಲಾ?

ವಿಜಯಪುರ_ಬಿಎಸ್ಸಿ:

ಉತ್ತರ ಆಸಿಡ್ ಹೌದು, ಕಾರಣ ಅದಲ್ಲ. ತೂಕ ಕಡಿಮೆ ಅಂತ ಹಿಡಿದರೆ ಮುಂದಿನ ಲೆಕ್ಕದಲ್ಲಿ ಬೀಳುತ್ತೀಯ.

ಮೋಲ್ ಮಾಡು. ಕಾರ್ಬೊನೇಟ್ 25 ಭಾಗಿಸು 100, 0.25. ಆಸಿಡ್ 14.6 ಭಾಗಿಸು 36.5, 0.4. ಎಣಿಕೆಯಲ್ಲಿ ನೋಡಿದರೆ ಆಸಿಡ್ಡೇ ಜಾಸ್ತಿ ಇದೆ! ಆದರೆ ಸಮೀಕರಣ ಒಂದು ಕಾರ್ಬೊನೇಟ್‌ಗೆ ಎರಡು ಆಸಿಡ್ ಕೇಳುತ್ತದೆ. 0.25ಕ್ಕೆ 0.5 ಬೇಕು, ನಮ್ಮ ಹತ್ತಿರ ಇರೋದು 0.4. ಆಸಿಡ್ ಮೊದಲು ಖಾಲಿ. ಹಾಗಾಗಿ ಮೋಲ್ ನೋಡಿ ಅಲ್ಲೇ ನಿಲ್ಲಬಾರದು, ಆ ಮೋಲನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕಿಯಿಂದ ಭಾಗಿಸಬೇಕು. ಕಾರ್ಬೊನೇಟ್ 0.25, ಆಸಿಡ್ 0.2. ಯಾವುದು ಚಿಕ್ಕದೋ ಅದು ಲಿಮಿಟಿಂಗ್.

ಆಮೇಲೆ ಎಲ್ಲಾ ಆ 0.2ರಿಂದಲೇ. ಕಾರ್ಬನ್ ಡೈಆಕ್ಸೈಡ್ 0.2 ಗುಣಿಸು 44, 8.8 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ 0.2 ಗುಣಿಸು 111, 22.2 ಗ್ರಾಂ. ನೀರು 3.6 ಗ್ರಾಂ. ಉಳಿದ ಕಾರ್ಬೊನೇಟ್ 0.05 ಮೋಲ್, 5 ಗ್ರಾಂ. ಈಗ ಕೂಡಿಸು: 8.8, 22.2, 3.6, 5. ಒಟ್ಟು 39.6. ಹಾಕಿದ್ದು 25 ಮತ್ತು 14.6, ಅದೂ 39.6. ಈ ಕೂಡಿಸೋದನ್ನು ಬಿಡಬೇಡ. ಪರೀಕ್ಷೆಯಲ್ಲಿ ಕೀ ಉತ್ತರ ಇರೋದಿಲ್ಲ, ನಿನ್ನ ಉತ್ತರ ನೀನೇ ತಪಾಸಣೆ ಮಾಡೋಕೆ ಇರೋ ದಾರಿ ಇದೊಂದೇ. ಉಳಿದ ರಿಯಾಕ್ಟಂಟ್ ಕೂಡಿಸೋದನ್ನು ಮರೆತು "ಲೆಕ್ಕ ತಪ್ಪಿತು" ಅಂತ ಸರಿ ಇದ್ದದ್ದನ್ನು ಹೊಡೆದುಹಾಕುವವರೂ ಇದ್ದಾರೆ, ಅದೊಂದು ನೋಡಿಕೋ.

ಲೋಕಾಪುರ_ಪಿಯು:

ಅಕ್ಕಾ, ಒಂದು ಮಾಡಿ ನೋಡಿದೆ, ಸರಿ ಇದೆಯಾ ಹೇಳಿ. 2.4 ಗ್ರಾಂ ಮೆಗ್ನೀಸಿಯಂ, 1 ಗ್ರಾಂ ಆಕ್ಸಿಜನ್, ಮುಚ್ಚಿದ ಪಾತ್ರೆ. ಎರಡು ಮೆಗ್ನೀಸಿಯಂಗೆ ಒಂದು ಆಕ್ಸಿಜನ್, ಎರಡು ಆಕ್ಸೈಡ್. ಮೆಗ್ನೀಸಿಯಂ 0.1 ಮೋಲ್, ಎರಡರಿಂದ ಭಾಗಿಸಿದರೆ 0.05. ಆಕ್ಸಿಜನ್ 1 ಭಾಗಿಸು 32, 0.03125. ಆಕ್ಸಿಜನ್ ಲಿಮಿಟಿಂಗ್. ಆಕ್ಸೈಡ್ 0.0625 ಮೋಲ್, ಗುಣಿಸು 40, 2.5 ಗ್ರಾಂ. ಮೆಗ್ನೀಸಿಯಂ 0.9 ಗ್ರಾಂ ಉಳಿಯುತ್ತದೆ. 2.5 ಮತ್ತು 0.9 ಸೇರಿ 3.4, ಹಾಕಿದ್ದೂ 3.4.

ಗೋಕಾಕ_ಮಾಸ್ತರ:

ಸರಿ ಇದೆ. ಆಕ್ಸಿಜನ್‌ಗೆ 16 ಹಾಕದೆ 32 ಹಾಕಿದ್ದೀಯ, ಅದು ಶಾಣ್ಯಾತನ. ಅನಿಲ ಅಂದ ಕೂಡಲೇ ಎರಡು ಪರಮಾಣು ಸೇರಿದ ಅಣು ಅನ್ನೋದನ್ನು ಮರೆತು 16 ಹಾಕಿದ್ದರೆ 0.0625 ಬಂದು, ಮೆಗ್ನೀಸಿಯಂ ಲಿಮಿಟಿಂಗ್ ಆಗಿ, ಉತ್ತರ 4 ಗ್ರಾಂ ಆಗುತ್ತಿತ್ತು. ಹಾಕಿದ್ದು 3.4, ಬಂದಿದ್ದು 4. ಅಂಥಾ ಉತ್ತರ ಬರೆದವರ ಪೇಪರ್ ನಾನು ಪ್ರತಿ ವರ್ಷ ನೋಡುತ್ತೇನೆ. ನಾಳೆ ಇದೇ ಲೆಕ್ಕವನ್ನು 2 ಗ್ರಾಂ ಆಕ್ಸಿಜನ್ ಇಟ್ಟುಕೊಂಡು ಮಾಡು, ಲಿಮಿಟಿಂಗ್ ಬದಲಾಗುತ್ತದೆ. ಉತ್ತರ ಇಲ್ಲೇ ಹಾಕು, ನೋಡುತ್ತೇನೆ.